ಖಾಲಿ ಜಾಗದ ಖಜಾಂಚಿ

ನಮ್ಮ ಯಜಮಾನರಿಗೆ ಗೋಡೆಗಳು ಮಾತಾಡುವುದು ಕೇಳಿಸುತ್ತಿತ್ತು. ನಾನು ಮಾತಾಡುವುದು ಮಾತ್ರ ಕೇಳಿಸುತ್ತಿರಲಿಲ್ಲ!

ಇದು ಬಣ್ಣ ಹಚ್ಚಿದ ಮಾತು ಎಂದು ನಿಮಗೆ ಅನಿಸಬಹುದು. ನಮ್ಮ ಫ್ಲ್ಯಾಟಿಗೆ ಒಮ್ಮೆಯಾದರೂ ಬಂದವರಿಗೆ ಅನಿಸಲಿಕ್ಕಿಲ್ಲ. ಬಂದವರು ಸೋಫಾದಲ್ಲಿ ಕೂತು ಚಹಾ ಕುಡಿಯುತ್ತಿರುವಾಗ ಇವರು ಅವರ ತಲೆಯ ಹಿಂದಿನ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಪೈಪು ಒಸರುತ್ತದೋ, ಸಿಮೆಂಟು ಬಿಟ್ಟಿದೆಯೋ ಎಂದು ಪರೀಕ್ಷೆ. ಬಂದವರು ಕಪ್ಪನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತಿದ್ದರು. ನಾನು "ಬಿಸ್ಕೆಟ್ ತಗೊಳ್ಳಿ" ಎನ್ನುತ್ತಿದ್ದೆ. ಬೇರೆ ಎಂತ ಹೇಳುವುದು?

ಸ್ವಂತ ಗೋಡೆಯಾದರೆ ಹೇಗೋ ಸಹಿಸಬಹುದು. ನನ್ನ ಅಕ್ಕನ ಮಗಳಿಗೆ ಕಲ್ಯಾಣಪುರದ ಕಡೆ ಒಂದು ಸಂಬಂಧ ನೋಡಲಿಕ್ಕೆ ಹೋಗಿದ್ದೆವು. ಹುಡುಗನ ತಂದೆ, ತಾಯಿ, ಸೋದರಮಾವ ಎಲ್ಲ ಸಾಲಾಗಿ ಕೂತಿದ್ದಾರೆ. ಅವಲಕ್ಕಿ, ಬಾಳೆಹಣ್ಣು ಬಂದಿದೆ. ಇವರು ಕೈ ತೊಳೆಯುವ ನೆಪದಲ್ಲಿ ಎದ್ದು ಹೋದವರು ಬರಲೇ ಇಲ್ಲ. ನೋಡಿದರೆ ಟೆರೇಸಿನಲ್ಲಿದ್ದಾರೆ! ಹಿಂದೆ ಬರುವಾಗ ರಿಕ್ಷಾದಲ್ಲಿ ಅಕ್ಕ ಇವರನ್ನು ಕೇಳಿದಳು, "ಹೇಗೆ ಅನಿಸಿತು?"

"ಹುಡುಗ ಒಳ್ಳೆಯವನು. ಟೆರೇಸ್ ಸರಿ ಇಲ್ಲ."

"ನಾವು ನೋಡ್ಲಿಕ್ಕೆ ಬಂದದ್ದು ಹುಡುಗನನ್ನು!" ಎಂದೆ ನಾನು.

"ಮಳೆ ಬಂದರೆ ಹುಡುಗನನ್ನು ತಲೆ ಮೇಲೆ ಹಿಡ್ಕೊಳ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಮದುವೆ ಆಯಿತು. ಹುಡುಗಿ ಸುಖವಾಗಿದ್ದಾಳೆ. ಜುಲೈಯಲ್ಲಿ ಫೋನ್ ಮಾಡಿದರೆ ಮಾತ್ರ ಅವಳ ದನಿಯ ಹಿಂದೆ ಬಾಲ್ದಿಗೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತದೆ.

ಇವರು ಹೋಗಿ ಒಂದು ಮಳೆಗಾಲ ಪೂರ್ತಿ ಕಳೆಯಿತು. ಮನೆಗೆ ಬಂದವರು ಈಗ ನೆಮ್ಮದಿಯಿಂದ ಚಹಾ ಕುಡಿಯುತ್ತಾರೆ. ನಾನು ಹೆಚ್ಚು ಓದಿದವಳಲ್ಲ. ಶಂಕರಪುರದಲ್ಲಿ ಹತ್ತನೇ ಕ್ಲಾಸು ಮುಗಿಸಿ, ಮದುವೆಯಾಗುವ ತನಕ ಮಲ್ಲಿಗೆ ಕಟ್ಟಿಕೊಂಡು ಇದ್ದವಳು. ದುಃಖದ ಬಗ್ಗೆ ದೊಡ್ಡ ಮಾತು ಬರೆಯಲು ನನಗೆ ಬರುವುದಿಲ್ಲ. ಅತ್ತು ಸುಸ್ತಾದ ಮೇಲೆ ನನ್ನ ಬಳಿ ಉಳಿದಿರುವುದು ಇವರ ಮೇಲಿನ ದೂರುಗಳು ಮಾತ್ರ. ಅವು ಬೇಕಾದಷ್ಟು ಉಂಟು. ಅವನ್ನಾದರೂ ಬರೆಯುತ್ತೇನೆ.

ಇವರು ಮುಂಬೈಯ ಒಂದು ಹೋಟೆಲಿನ ಗಲ್ಲಾದಲ್ಲಿ ಆಯುಷ್ಯ ಕಳೆದವರು. ಊರಿಗೆ ಬಂದು ಉಡುಪಿಯಲ್ಲಿ, ಅಂಬಲಪಾಡಿಯ ಹತ್ತಿರ, ಒಂದು ಫ್ಲ್ಯಾಟ್ ಕೊಂಡೆವು. ಸಣ್ಣ ಕಟ್ಟಡ, ನಾಲ್ಕು ಮಹಡಿ, ಕೆಳಗೆ ಕಾರು ನಿಲ್ಲಿಸುವ ಜಾಗ. ನಮ್ಮದು ಮೂರನೇ ಮಹಡಿ. ಎಲ್ಲರೂ ಸೇರಿ ಅಸೋಸಿಯೇಷನ್ ಮಾಡಿದರು. ಮೊದಲ ಮೀಟಿಂಗಿನಲ್ಲಿ ಗೋಳಿಬಜೆ, ಚಹಾ ತರಿಸಿದ್ದರು. ಎಲ್ಲರೂ ತಿಂದರು. ಇವರೂ ತಿಂದರು. ತಿಂದು ಬಾಯಿ ಒರೆಸಿಕೊಂಡು ಕೇಳಿದರು, "ಇದಕ್ಕೆ ದುಡ್ಡು ಕೊಟ್ಟದ್ದು ಯಾರು? ಯಾವ ಹಣದಿಂದ?"

ಒಂದನೇ ಮಹಡಿಯ ಹಮೀದ್ ಸಾಹೇಬರು, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ನಗುತ್ತ ಹೇಳಿದರು: "ಅಣ್ಣ, ಇಂಥ ಪ್ರಶ್ನೆ ಕೇಳುವವರು ಖಜಾಂಚಿ ಆಗುವುದೇ ಒಳ್ಳೆಯದು. ಇಲ್ಲದಿದ್ದರೆ ನಮಗೆ ಯಾರಿಗೂ ಗೋಳಿಬಜೆ ಜೀರ್ಣ ಆಗ್ಲಿಕ್ಕಿಲ್ಲ."

ಹೀಗೆ ಇವರು ಖಜಾಂಚಿ ಆದರು. ಅಂದಿನಿಂದ ನಮ್ಮ ಮನೆಗೆ ಕಾರ್ಪಸ್ ಫಂಡ್ ಎಂಬುದು ಪ್ರವೇಶ ಮಾಡಿತು.

ಫ್ಲ್ಯಾಟಿನಲ್ಲಿ ಇರುವವರಿಗೆ ಇದು ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಾಚ್‌ಮನ್ ಸಂಬಳ, ಕರೆಂಟ್ ಬಿಲ್ಲು ಎಂದು ತಿಂಗಳು ತಿಂಗಳು ಕೊಡುವುದು ಮೆಂಟೆನೆನ್ಸ್. ಅದು ಬೇರೆ. ಫ್ಲ್ಯಾಟ್ ಕೊಳ್ಳುವಾಗಲೇ ಎಲ್ಲರೂ ಒಮ್ಮೆಗೆ ಕೊಟ್ಟು ಬ್ಯಾಂಕಿನಲ್ಲಿ ಇಟ್ಟ ಹಣ ಕಾರ್ಪಸ್ ಫಂಡ್. ಅದು ಎಲ್ಲರದ್ದು. ಎಲ್ಲರದ್ದಾದ ಕಾರಣ ಅದನ್ನು ಹೇಗೆ ಖರ್ಚು ಮಾಡಬೇಕೆಂದು ಎಲ್ಲರಿಗೂ ಒಂದೊಂದು ಅಭಿಪ್ರಾಯ. ಇವರ ಅಭಿಪ್ರಾಯ ಒಂದೇ ಶಬ್ದದ್ದು: "ಬೇಡ."

ಮೊದಲು ಗೇಟಿಗೆ ಕಮಾನು ಹಾಕಿಸುವ ಎಂದರು. "ಬೇಡ. ಕಮಾನು ನೋಡಿ ಒಳಗೆ ಬರುವವರು ಯಾರು? ನಾವೇ ಅಲ್ವಾ? ನಮಗೆ ದಾರಿ ಗೊತ್ತುಂಟು." ಆಮೇಲೆ ಒಬ್ಬರು ಕಾರಂಜಿ ಎಂದರು. ಉಡುಪಿಯಲ್ಲಿ ಕಾರಂಜಿ! "ಜೂನ್ ಬರ್ಲಿ," ಎಂದರು ಇವರು. "ಆಕಾಶದಿಂದ ಇಳೀತದೆ. ಪಂಪ್ ಬೇಡ, ಬಿಲ್ಲೂ ಇಲ್ಲ."

ಹಾಗೆಂದು ಇವರು ಖರ್ಚೇ ಮಾಡದವರಲ್ಲ. ನೀರಿನ ಟ್ಯಾಂಕಿಗೆ, ಪೈಪಿಗೆ, ಟೆರೇಸಿಗೆ ಇವರ ಕೈ ಬಹಳ ಧಾರಾಳ. ನನಗೆ ಒಂದು ಸೀರೆ ತರುವಾಗ ಅಷ್ಟು ಅಂಗಡಿ ಹತ್ತಿಳಿಯದವರು ಟೆರೇಸಿಗೆ ಬಳಿಯುವ ಮದ್ದು ತರಲು ಮಂಗಳೂರಿನವರೆಗೆ ಹೋದರು! "ಇದು ಹೊಸತು ತರುವ ದುಡ್ಡಲ್ಲ, ಇದ್ದದ್ದನ್ನು ಉಳಿಸುವ ದುಡ್ಡು. ಕಟ್ಟಡಕ್ಕೂ ಪ್ರಾಯ ಆಗ್ತದೆ. ಆಗ ಔಷಧಿಗೆ ಬೇಕು" ಎನ್ನುವುದು ಇವರ ಸಿದ್ಧಾಂತ. ಮದ್ದು ಬಳಿದು ಆಯಿತು. ಅದು ಹಾಳಾಗಬಾರದೆಂದು ಟೆರೇಸಿನಲ್ಲಿ ಚಪ್ಪಲಿ ನಿಷೇಧ. ಏಪ್ರಿಲ್ ತಿಂಗಳ ಮಧ್ಯಾಹ್ನ! ಹಲಸಿನ ಹಪ್ಪಳ ಒಣಗಿಸಲು ಹೋದ ಹೆಂಗಸರು ಒಂದು ಕಾಲು ಎತ್ತಿ ಒಂದು ಕಾಲು ಇಳಿಸಿ ಕುಣಿಯುವುದನ್ನು ಇವರು ನೆರಳಿನಲ್ಲಿ ನಿಂತು ನೋಡುತ್ತಿದ್ದರು. ಹಮೀದ್ ಸಾಹೇಬರ ಹೆಂಡತಿ ಕೆಳಗೆ ಬಂದು ನನ್ನ ಹತ್ತಿರ, "ನಿಮ್ಮ ಯಜಮಾನರಿಗೆ ಹೇಳಿ, ಹಪ್ಪಳದ ಜೊತೆ ನಮ್ಮ ಕಾಲೂ ಒಣಗಿತು" ಎಂದರು. ಹೇಳಿದೆ. "ಸೋರುವುದಕ್ಕಿಂತ ಸುಡುವುದು ವಾಸಿ" ಎಂದು ಬಂತು ಉತ್ತರ. ಸುಡುತ್ತಿದ್ದದ್ದು ಯಾರ ಕಾಲು?

ಇವರ ಜೊತೆ ಎಲ್ಲಿಗಾದರೂ ತಿರುಗಾಡಲು ಹೋಗುವುದೂ ಒಂದು ಶಿಕ್ಷೆ. ಕಾಪುವಿನ ಬೀಚಿಗೆ ಹೋದೆವು, ನನ್ನ ಒತ್ತಾಯಕ್ಕೆ. ಸಂಜೆ ಹೊತ್ತು. ದೀಪಸ್ತಂಭದ ಮೇಲೆ ಹತ್ತಿದವರೆಲ್ಲ ಸೂರ್ಯನನ್ನು ನೋಡುತ್ತಿದ್ದಾರೆ, ಫೋಟೋ ತೆಗೆಯುತ್ತಿದ್ದಾರೆ. ಇವರು ಕಡಲಿಗೆ ಬೆನ್ನು ಹಾಕಿ ಕಬ್ಬಿಣದ ಕಂಬಿಯನ್ನು ಉಗುರಿನಿಂದ ಕೆರೆದು, ಅಲ್ಲಿದ್ದವರ ಹತ್ತಿರ "ಉಪ್ಪು ಗಾಳಿಗೆ ಯಾವ ಪೈಂಟ್ ತಡೀತದೆ?" ಎಂದು ಕೇಳುತ್ತಿದ್ದರು. "ಸೂರ್ಯ ಮುಳುಗ್ತಾ ಉಂಟು, ಇತ್ತ ನೋಡಿ" ಎಂದೆ. "ಅದು ನಾಳೆಯೂ ಮುಳುಗ್ತದೆ" ಎಂದರು.

ಕಾರ್ಕಳದ ಗೊಮ್ಮಟನ ಬೆಟ್ಟದಲ್ಲಿ ಮಾತ್ರ ಇವರು ಭಕ್ತಿಯಿಂದ ಕೈ ಮುಗಿದು ಬಹಳ ಹೊತ್ತು ನಿಂತರು. ಅಬ್ಬ, ಒಂದು ಕಡೆಯಾದರೂ ಗೋಡೆ, ಪೈಪು ಬಿಟ್ಟು ಮನಸ್ಸು ನಿಂತಿತಲ್ಲ ಎಂದು ನನಗೆ ಸಮಾಧಾನ. ಇಳಿಯುವಾಗ ಹೇಳಿದರು: "ಮೇಲೆ ಸೂರಿಲ್ಲ, ಪಕ್ಕದಲ್ಲಿ ಗೋಡೆ ಇಲ್ಲ. ಎಷ್ಟು ಮಳೆಗಾಲ ಕಂಡಿದ್ದಾನೆ! ಆದರೂ ಎಲ್ಲಿಯೂ ಸೋರಿಕೆ ಇಲ್ಲ ನೋಡು."

ಇಷ್ಟೆಲ್ಲ ಇದ್ದರೂ ಇವರ ಮತ್ತು ಅಸೋಸಿಯೇಷನಿನ ನಡುವೆ ದೊಡ್ಡ ಜಗಳವಾದದ್ದು ಒಂದೇ ವಿಷಯಕ್ಕೆ. ಕೆಳಗೆ ಕಾರು ನಿಲ್ಲಿಸುವಲ್ಲಿ, ಬಾವಿಯ ಬದಿಗೆ, ಒಂದು ಮೂಲೆ ಯಾರ ಪಾಲಿಗೂ ಸೇರದೆ ಖಾಲಿ ಉಳಿದಿತ್ತು. ಮೇಲೆ ಸೂರು ಉಂಟು, ಎರಡು ಕಡೆ ತೆರೆದಿದೆ. ನಾಲ್ಕನೇ ಮಹಡಿಯ ಲೆಕ್ಚರರು, ಮಣಿಪಾಲದಲ್ಲಿ ಪಾಠ ಮಾಡುವವರು, ಅಸೋಸಿಯೇಷನಿನ ಅಧ್ಯಕ್ಷರೂ ಆದವರು, ಅಲ್ಲಿ ಗಾಜು ಹಾಕಿ ಜಿಮ್ ಮಾಡುವ ಎಂದರು. ಖರ್ಚು ಕಾರ್ಪಸ್ ಫಂಡಿನಿಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಬೇಡ" ಎಂದರು ಇವರು.

"ಅಂಕಲ್, ದುಡ್ಡು ಬ್ಯಾಂಕಿನಲ್ಲಿ ಬಿದ್ದು ಎಂತ ಪ್ರಯೋಜನ? ನಾವು ಬದುಕಿರುವಾಗಲೇ ಅನುಭವಿಸಬೇಡವಾ?"

ಲೆಕ್ಚರರ ಮಾತಿನಲ್ಲಿ ತಪ್ಪೇನಿಲ್ಲ. ನನಗೂ ಹಾಗೆಯೇ ಅನಿಸಿತ್ತು. ಇಷ್ಟು ವರ್ಷ ಉಳಿಸಿ ಉಳಿಸಿ ನಾವು ಅನುಭವಿಸಿದ್ದು ಏನು? ಆದರೆ ಇವರು ಜಗ್ಗಲಿಲ್ಲ. "ಆ ದುಡ್ಡು ಲಿಫ್ಟಿನ ಹಗ್ಗಕ್ಕೆ ಬೇಕಾಗ್ತದೆ. ಆ ಜಾಗ ಖಾಲಿ ಇರ್ಲಿ. ಖಾಲಿ ಜಾಗವೂ ಒಂದು ಸೌಕರ್ಯವೇ."

ಸಭೆ ನಕ್ಕಿತು. ಖಾಲಿ ಜಾಗ ಹೇಗೆ ಸೌಕರ್ಯ ಆಗುತ್ತದೆ? ಇವರು ಆಗ ಒಂದು ಪರೀಕ್ಷೆ ಹೇಳಿದರು. "ಜಿಮ್ ಕಟ್ಟುವ ಮೊದಲು ಬೆಳಿಗ್ಗೆ ಆರಕ್ಕೆ ಆ ಜಾಗಕ್ಕೆ ಬಂದು ಕೈಕಾಲು ಆಡಿಸಿ. ಎಷ್ಟು ಜನ ಬರ್ತೀರಿ ನೋಡುವ."

ಮೊದಲ ದಿನ ಜಾತ್ರೆ! ಹೊಸ ಶೂ, ಹೊಸ ಬನಿಯನ್. ಹಮೀದ್ ಸಾಹೇಬರು ಎರಡು ಸಲ ಬಗ್ಗಿದರು. ಮೂರನೇ ಸಲ ಬಗ್ಗಿದವರನ್ನು ನೆಟ್ಟಗೆ ಮಾಡಲು ಇಬ್ಬರು ಬೇಕಾಯಿತು. ಮರುದಿನ ಅರ್ಧ ಜನ. ಆ ವಾರ ಮುಗಿಯುವಾಗ ಅಲ್ಲಿದ್ದದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಇವರು ಮತ್ತು ಒಂದು ಬೆಕ್ಕು. ಅಷ್ಟು ಹೊತ್ತಿಗೆ ಲೆಕ್ಚರರು ಕಾರಿನ ಕೀ ತಿರುಗಿಸುತ್ತ ಇಳಿದು ಬಂದರು.

"ಎಲ್ಲಿಗೆ ಸರ್, ಇಷ್ಟು ಬೇಗ?"

"ಹಾಲಿಗೆ ಅಂಕಲ್."

ಹಾಲಿನ ಅಂಗಡಿ ನಮ್ಮ ಗೇಟಿನಿಂದ ಕಾಣುತ್ತದೆ!

"ನಡ್ಕೊಂಡು ಹೋಗಿ ಸರ್. ಜಿಮ್ ಇಲ್ಲಿಂದಲೇ ಶುರು ಆಯ್ತು, ಗಾಜಿನ ಖರ್ಚೂ ಉಳೀತು."

ಲೆಕ್ಚರರು ಒಳ್ಳೆಯವರು, ನಕ್ಕರು. "ಮೆಷಿನ್ ಬಂದರೆ ಎಲ್ಲರೂ ಬರ್ತಾರೆ ಅಂಕಲ್."

"ಬರ್ತಾರೆ, ಬರ್ತಾರೆ. ಟವೆಲ್ ಒಣಗಿಸ್ಲಿಕ್ಕೆ."

ಅಷ್ಟಕ್ಕೆ ಮುಗಿಯಲಿಲ್ಲ. ಪ್ರತಿ ಮೀಟಿಂಗಿನಲ್ಲಿ ಜಿಮ್ ಏಳುತ್ತಿತ್ತು, ಇವರು ಮಲಗಿಸುತ್ತಿದ್ದರು. ಮೆಟ್ಟಿಲಿನಲ್ಲಿ ಎದುರಾದವರು ನನ್ನ ಹತ್ತಿರ, "ಅಂಕಲಿಗೆ ನೀವಾದರೂ ಹೇಳಿ" ಎನ್ನುತ್ತಿದ್ದರು. ಹೇಳುವುದಕ್ಕೆ ನಾನು ಯಾರು, ಗೋಡೆಯೇ? ನನಗೂ ಸಾಕಾಗಿ ಹೋಗಿತ್ತು. ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿಯೇ ಬಿಟ್ಟೆ.

"ಆ ಜಾಗ ಇಟ್ಕೊಂಡು ಎಂತ ಮಾಡ್ಲಿಕ್ಕುಂಟು ನಿಮಗೆ?"

"ಎಂತದೂ ಇಲ್ಲ. ಖಾಲಿ ಇರ್ಲಿ."

"ಎಂತಕ್ಕೆ?"

ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಬದಿಗಿಟ್ಟರು. "ಎಂತಕ್ಕೆ ಅಂತ ಗೊತ್ತಿದ್ದರೆ ಅದಕ್ಕೇ ಒಂದು ರೂಮ್ ಕಟ್ಟಿಸ್ತಿದ್ದೆ ಮಾರಾಯ್ತಿ. ಗೊತ್ತಿಲ್ಲ. ಅದಕ್ಕೇ ಖಾಲಿ."

ಇಂಥ ಮನುಷ್ಯನ ಹತ್ತಿರ ಎಂತ ವಾದ ಮಾಡುವುದು? ನಾನು ಇನ್ನೊಂದು ತುಂಡು ಮೀನು ಹಾಕಿದೆ.

ಹೋದ ಮಳೆಗಾಲದ ಮೊದಲಲ್ಲಿ ಇವರಿಗೆ ಎದೆನೋವು ಬಂತು. ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಕಾರು ಲೆಕ್ಚರರದ್ದೇ. ದಾರಿಯುದ್ದಕ್ಕೂ ಇಬ್ಬರೂ ಜಿಮ್ ಬಗ್ಗೆ ಮಾತಾಡಲಿಲ್ಲ. ಅಷ್ಟರಿಂದಲೇ ನನಗೆ ಹೆದರಿಕೆಯಾಯಿತು. ಆಸ್ಪತ್ರೆಯಲ್ಲಿ ಇವರನ್ನು ಚಕ್ರದ ಮಂಚದಲ್ಲಿ ಮಲಗಿಸಿ ಲಿಫ್ಟಿನೊಳಗೆ ತಳ್ಳಿದರು. ಮಂಚ, ಇಬ್ಬರು ನರ್ಸುಗಳು, ನಾನು, ಲೆಕ್ಚರರು, ಎಲ್ಲರೂ ಅದರಲ್ಲಿ ಹಿಡಿಸಿದೆವು. ಮತ್ತೂ ಜಾಗ ಉಳಿಯಿತು. ಮೂಗಿಗೆ ಕೊಳವೆ ಹಾಕಿದ್ದರೂ ಇವರ ಮುಖ ಅರಳಿತು. ನನ್ನ ಕೈಯನ್ನು ಒತ್ತಿ ಹಿಡಿದರು. ಏನೋ ಮುಖ್ಯವಾದದ್ದು ಹೇಳಲಿದ್ದಾರೆ ಎಂದು ನಾನು ಬಗ್ಗಿದೆ.

"ನೋಡು, ಎಂಥ ಲಿಫ್ಟ್!" ಎಂದರು.

ಆಮೇಲೆ ನರ್ಸುಗಳ ಹತ್ತಿರ, ದಣಿದ ದನಿಯಲ್ಲಿ, "ಹಗ್ಗ ಬದಲಿಸಿ ಎಷ್ಟು ಸಮಯ ಆಯ್ತು?" ಎಂದು ಕೇಳಿದರು. ನಾನು ಅದೇ ಹೊತ್ತಿನಲ್ಲಿ ಇವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅಳುವುದಕ್ಕಿಂತ ಅದು ಸುಲಭ.

ಇವರು ಮಣಿಪಾಲದಿಂದ ಹಿಂದೆ ಬಂದದ್ದು ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆ ಸುತ್ತಿಕೊಂಡು. ನಮ್ಮಲ್ಲಿ ಹೋದವರನ್ನು ಒಮ್ಮೆ ಮನೆಗೆ ತರಬೇಕು. ನೆಂಟರು ಬಂದು ಬಾಯಿಗೆ ನೀರು ಬಿಡಬೇಕು. ಮನೆ ಇರುವುದು ಮೂರನೇ ಮಹಡಿಯಲ್ಲಿ. ನಮ್ಮ ಲಿಫ್ಟಿನಲ್ಲಿ ನಾಲ್ಕು ಜನ ನಿಲ್ಲಬಹುದು, ಒಬ್ಬರೂ ಮಲಗುವ ಹಾಗಿಲ್ಲ. ಮೆಟ್ಟಿಲಿನ ತಿರುವು ಸಣ್ಣದು. ಆಂಬುಲೆನ್ಸಿನ ಬಾಗಿಲು ತೆರೆದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮಳೆ ಹೊಡೆಯುತ್ತಿತ್ತು. ಅಂಗಳ ಎಂಬುದು ನಮಗೆ ಇಲ್ಲ.

ಲೆಕ್ಚರರು ಯಾರನ್ನೂ ಕೇಳಲಿಲ್ಲ. ಬಾವಿಯ ಬದಿಗೆ ಅಡ್ಡ ನಿಲ್ಲಿಸಿದ್ದ ತಮ್ಮ ಕಾರನ್ನು ಮಳೆಗೆ ತೆಗೆದು ನಿಲ್ಲಿಸಿದರು. ವಾಚ್‌ಮನ್ ಬರುವ ಮೊದಲೇ ಹಿಡಿಸೂಡಿ ಹಿಡಿದು ತಾವೇ ಆ ಮೂಲೆಯನ್ನು ಗುಡಿಸಿದರು. ಹಮೀದ್ ಸಾಹೇಬರ ಮನೆಯಿಂದ ಹೊಸ ಚಾಪೆ ಬಂತು. ಅಲ್ಲಿ ಇವರನ್ನು ಮಲಗಿಸಿದರು. ಕಾರ್ಕಳದಿಂದ ನನ್ನ ತಮ್ಮ ಬಂದ, ಶಂಕರಪುರದಿಂದ ಅಕ್ಕ ಬಂದಳು, ಅಸೋಸಿಯೇಷನಿನವರೆಲ್ಲ ಬಂದರು. ಎಲ್ಲರೂ ಒದ್ದೆಯಾಗದೆ ನಿಲ್ಲುವಷ್ಟು ಜಾಗ ಅಲ್ಲಿತ್ತು. ಗಾಜು ಇದ್ದಿದ್ದರೆ, ಮೆಷಿನ್ ಇದ್ದಿದ್ದರೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು.

ಕರೆಂಟ್ ಹೋಗಿತ್ತು. ಮಧ್ಯಾಹ್ನವಾದರೂ ಮೋಡಕ್ಕೆ ಕತ್ತಲೆ. ತಲೆಯ ಹತ್ತಿರ ಇಟ್ಟ ದೀಪ ಗಾಳಿಗೆ ನಿಲ್ಲುತ್ತಿರಲಿಲ್ಲ. ಹಮೀದ್ ಸಾಹೇಬರು ಕೊಡೆ ಬಿಡಿಸಿ ದೀಪಕ್ಕೆ ಅಡ್ಡ ಹಿಡಿದು, ಇವರನ್ನು ಎತ್ತುವ ತನಕ ಕದಲದೆ ನಿಂತಿದ್ದರು.

ಹೋದ ತಿಂಗಳು ಅಸೋಸಿಯೇಷನಿನ ಮಹಾಸಭೆ. ಫ್ಲ್ಯಾಟ್ ಈಗ ನನ್ನ ಹೆಸರಿನಲ್ಲಿರುವ ಕಾರಣ ನನಗೂ ಕರೆ ಬಂತು. ಸಭೆ ಅಲ್ಲಿಯೇ, ಆ ಖಾಲಿ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿ. ನಾನು ಇಂಥ ಸಭೆಗೆ ಕೂತವಳೇ ಅಲ್ಲ. ಹಿಂದಿನ ಸಾಲಿನಲ್ಲಿ, ಹಮೀದ್ ಸಾಹೇಬರ ಹೆಂಡತಿಯ ಪಕ್ಕ ಕೂತೆ.

ಲಿಫ್ಟಿನ ಹಗ್ಗ ಬದಲಿಸುವುದು, ಕಾರ್ಪಸ್ ಫಂಡಿನಿಂದ: ಒಪ್ಪಿಗೆ. ಒಂದು ನಿಮಿಷವೂ ಹಿಡಿಯಲಿಲ್ಲ. ಇವರು ಅಷ್ಟು ವರ್ಷ ಬಾಯಿ ಒಣಗಿಸಿಕೊಂಡದ್ದು ಇದಕ್ಕೇ ಅಲ್ಲವೇ? ಆಮೇಲೆ ಲೆಕ್ಚರರು ಎದ್ದು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಜಿಮ್ ವಿಷಯ ನಾನು ಬಿಟ್ಟೆ. ಈ ಜಾಗ ಹೀಗೆಯೇ ಇರ್ಲಿ. ಆದರೆ ಅಂಕಲ್ ಹೆಸರಿನಲ್ಲಿ ಇಲ್ಲಿ ಏನಾದರೂ ಮಾಡಬೇಕು ಅಂತ ಎಲ್ಲರಿಗೂ ಉಂಟು. ಫಂಡಿನಿಂದಲೇ ಮಾಡುವ."

ಒಬ್ಬರು ಕಲ್ಲಿನ ಫಲಕ ಎಂದರು. ಒಬ್ಬರು ದೊಡ್ಡ ಫೋಟೋ ಎಂದರು. ಒಬ್ಬರು ಗ್ರಾನೈಟ್ ಬೆಂಚು ಎಂದರು. ಯಾರೋ ಕಾರಂಜಿ ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು.

"ಆಂಟಿ, ನೀವೇ ಹೇಳಿ" ಎಂದರು ಲೆಕ್ಚರರು.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಪಕ್ಕದವರು ಮೆಲ್ಲಗೆ ನನ್ನ ಮೊಣಕೈ ಮುಟ್ಟಿ, "ಹೇಳಿ ಅಕ್ಕ" ಎಂದರು.

"ಹೆಸರು, ಫಲಕ ಎಂತದೂ ಬೇಡ" ಎಂದೆ. "ಇಲ್ಲಿ ಒಂದು ಒಳ್ಳೆಯ ಲೈಟ್ ಹಾಕಿಸಿ. ಕರೆಂಟ್ ಹೋದರೂ ಉರಿಯುವಂಥದ್ದು. ಅವತ್ತು ಅವರ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಇನ್ನು ಯಾರನ್ನಾದರೂ ಇಲ್ಲಿ ಮಲಗಿಸಿದರೆ, ಮನೆಯವರಿಗೆ ಮುಖ ಕಾಣಬೇಕು."

ಹಮೀದ್ ಸಾಹೇಬರು ಮುಖ ಆಚೆ ತಿರುಗಿಸಿದರು. ಆಮೇಲೆ ಒಬ್ಬೊಬ್ಬರೇ ಕೈ ಎತ್ತಿದರು. ಲೈಟು, ಅದರ ಬ್ಯಾಟರಿ, ವಯರಿಂಗ್, ಪೂರ್ತಿ ಖರ್ಚು ಕಾರ್ಪಸ್ ಫಂಡಿನಿಂದ.

ಇದು ಹೊಸತಾ, ಇದ್ದದ್ದನ್ನು ಉಳಿಸುವುದಾ ಎಂದು ಯಾರೂ ಕೇಳಲಿಲ್ಲ. ಇಷ್ಟು ದೊಡ್ಡ ಲೈಟ್ ಎಂತಕ್ಕೆ ಎಂದು ಯಾರೂ ಕೇಳಲಿಲ್ಲ. ನಾನು ಎತ್ತಿದ ಕೈಗಳನ್ನು ನೋಡುತ್ತ ಕಾಯುತ್ತಿದ್ದೆ. ಒಬ್ಬರಾದರೂ ಇವರ ಹಾಗೆ ಎದ್ದು ನಿಂತು "ಬೇಡ" ಎನ್ನಬಾರದಿತ್ತೇ?